ಮನೆ ಬೆಲೆ ಏರಿದೆಯೆಂಬ ಸುದ್ದಿ ಯಾವ ಊರಿನದು?

ಮಾನ್ಯ ಸಂಪಾದಕರೇ,

ಮನೆಗಳ ಬೆಲೆ ಏರಿದೆ ಎಂಬ ವರದಿ ಮೂರು ತಿಂಗಳಿಗೊಮ್ಮೆಯಾದರೂ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬರುತ್ತದೆ. ಅದರ ನಡುವೆಯೇ ಮನೆಗಳ ಮಾರಾಟ ತಗ್ಗಿದೆ ಎಂಬ ವರದಿಯೂ ಬರುತ್ತದೆ. ಹಾಸನ ಜಿಲ್ಲೆಯಲ್ಲಿ ಕುಳಿತು ಇವೆರಡನ್ನೂ ಓದುವವರು ಅದನ್ನು ತಮ್ಮ ಊರಿಗೂ ಅನ್ವಯಿಸಿಕೊಳ್ಳುತ್ತಾರೆ. ಒಬ್ಬರು ಈಗಲೇ ಕೊಳ್ಳದಿದ್ದರೆ ಕೈಗೆಟುಕುವುದಿಲ್ಲವೆಂದು ಸಾಲ ಮಾಡುತ್ತಾರೆ, ಇನ್ನೊಬ್ಬರು ಮನೆ ಬಾಗಿಲಿಗೆ ಬಂದ ಗಿರಾಕಿಯನ್ನು ‘ಇನ್ನೂ ಏರುತ್ತದೆ, ನೋಡೋಣ’ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಬ್ಯಾಂಕ್ ಶಾಖೆಗಳಲ್ಲಿ ಗೃಹಸಾಲದ ಕಡತಗಳನ್ನು ನೋಡುತ್ತಲೇ ಸೇವೆ ಮುಗಿಸಿದ ನಾನು ಇಂಥ ನಿರ್ಧಾರಗಳ ಫಲವನ್ನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಜಿಲ್ಲೆಯೊಳಗೇ ಬೆಲೆ ಏರುತ್ತಿರುವ ಪ್ರದೇಶಗಳಿವೆ, ವರ್ಷಗಳಿಂದ ನಿಂತಲ್ಲೇ ನಿಂತಿರುವ ಪ್ರದೇಶಗಳಿವೆ, ನಿಜಕ್ಕೂ ಇಳಿದಿರುವ ಪ್ರದೇಶಗಳೂ ಇವೆ. ಯಾವುದು ಎಲ್ಲಿ ಎಂದು ತಿಳಿಯಲು ಬೇಕಾದ ದಾಖಲೆ ಸರ್ಕಾರದ ಬಳಿ ಇದ್ದೂ ಜನರ ಕೈಗೆ ಬರುತ್ತಿಲ್ಲ. ಆ ದಾಖಲೆಯಲ್ಲಿ ಬರೆದಿರುವ ಬೆಲೆಯಾದರೂ ಬಹುಪಾಲು ನಿಜವಾದ ಬೆಲೆಯಲ್ಲ. ಈ ಪತ್ರ ಬರೆಯುತ್ತಿರುವುದು ಅದರ ಕುರಿತು.

ಮೊದಲು ರಾಷ್ಟ್ರಮಟ್ಟದ ಅಂಕಿಗಳ ಮಾತು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಮನೆ ಬೆಲೆ ಸೂಚ್ಯಂಕವು ಬಹಳ ವರ್ಷಗಳ ಕಾಲ ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಲಖನೌ, ಅಹಮದಾಬಾದ್, ಜೈಪುರ, ಕಾನ್ಪುರ ಮತ್ತು ಕೊಚ್ಚಿ ಎಂಬ ಹತ್ತು ನಗರಗಳ ನೋಂದಣಿ ದಾಖಲೆಗಳನ್ನು ಆಧರಿಸಿತ್ತು. ಈಚೆಗೆ ಅದರ ಆಧಾರ ವರ್ಷವನ್ನು 2010–11ರಿಂದ 2022–23ಕ್ಕೆ ಬದಲಿಸಿ, ನಗರಗಳ ಸಂಖ್ಯೆಯನ್ನು 18ಕ್ಕೆ ಹೆಚ್ಚಿಸಲಾಗಿದೆ. ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2007ರಲ್ಲಿ ಆರಂಭಿಸಿದ ರೆಸಿಡೆಕ್ಸ್ ಎಂಬ ಸೂಚ್ಯಂಕವು 50 ನಗರಗಳನ್ನು ಒಳಗೊಂಡಿದ್ದು, ಬ್ಯಾಂಕುಗಳು ಸಾಲ ಕೊಡುವ ಮುನ್ನ ಮಾಡಿಸುವ ಮೌಲ್ಯಮಾಪನದ ಬೆಲೆಗಳನ್ನು ಬಳಸಿಕೊಳ್ಳುತ್ತದೆ. ಈ ಯಾವ ಪಟ್ಟಿಯಲ್ಲೂ ಹಾಸನವಿಲ್ಲ, ಚಿಕ್ಕಮಗಳೂರೂ ಇಲ್ಲ. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಕರ್ನಾಟಕದ ಪರವಾಗಿ ಇರುವುದು ಬೆಂಗಳೂರು ಒಂದೇ. ಖಾಸಗಿ ಸಂಸ್ಥೆಗಳ ಹೆಚ್ಚಿನ ವರದಿಗಳಂತೂ ಏಳೆಂಟು ಮಹಾನಗರಗಳಾಚೆಗೆ ಕಣ್ಣು ಹಾಯಿಸುವುದಿಲ್ಲ, ಅವು ಲೆಕ್ಕ ಹಾಕುವುದೂ ಹೆಚ್ಚಾಗಿ ಬಿಲ್ಡರುಗಳು ಕಟ್ಟಿ ಮಾರುವ ಫ್ಲ್ಯಾಟುಗಳನ್ನು. ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ ಕುಟುಂಬವು ಮೂವತ್ತು–ನಲವತ್ತರ ಸೈಟು ಕೊಂಡು, ಕೆಲವು ವರ್ಷ ಬಿಟ್ಟು, ಗಾರೆ ಮೇಸ್ತ್ರಿಯನ್ನು ಹಿಡಿದು ತಾನೇ ಮನೆ ಕಟ್ಟಿಸುತ್ತದೆ. ಈ ಎರಡು ವ್ಯವಹಾರಗಳಿಗೆ ಒಂದೇ ಅಳತೆಗೋಲು ಹಿಡಿಯಲಾಗದು.

ಮಹಾನಗರಗಳೊಳಗಾದರೂ ಬೆಲೆ ಒಂದೇ ದಿಕ್ಕಿಗೆ ಸಾಗಿಲ್ಲ. ದೆಹಲಿಯ ಪಕ್ಕದ ನೋಯ್ಡಾ, ಗ್ರೇಟರ್ ನೋಯ್ಡಾಗಳಲ್ಲಿ ಕಳೆದ ದಶಕದಲ್ಲಿ ಕಟ್ಟಡಗಳು ಅರ್ಧಕ್ಕೆ ನಿಂತು, ಹಣ ಕಟ್ಟಿದವರು ಮನೆಯೂ ಇಲ್ಲದೆ ದುಡ್ಡೂ ಇಲ್ಲದೆ ನ್ಯಾಯಾಲಯ ಅಲೆದದ್ದು ಎಲ್ಲರಿಗೂ ನೆನಪಿದೆ. ಅಲ್ಲಿನ ಬೆಲೆ ವರ್ಷಗಟ್ಟಲೆ ಮೇಲೇಳದೆ, 2021ರ ನಂತರವಷ್ಟೇ ಜೋರಾಗಿ ಏರಿತು. ಬಡ್ಡಿ ದರ ಕಾರಣವೆನ್ನೋಣವೆಂದರೆ ಅದು ದೇಶಕ್ಕೆಲ್ಲ ಒಂದೇ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು. ಇಪ್ಪತ್ತು ವರ್ಷ ಅವಧಿಯ 30 ಲಕ್ಷ ರೂಪಾಯಿ ಸಾಲಕ್ಕೆ ಬಡ್ಡಿ ಶೇ 9ರಿಂದ ಶೇ 8ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 27,000 ರೂಪಾಯಿಯಿಂದ ಸುಮಾರು 25,100 ರೂಪಾಯಿಗೆ ಇಳಿಯುತ್ತದೆ. ಈ ಉಳಿತಾಯ ಬೆಂಗಳೂರಿನ ಸಾಲಗಾರನಿಗೂ ಅಷ್ಟೇ, ಅರಕಲಗೂಡಿನ ಸಾಲಗಾರನಿಗೂ ಅಷ್ಟೇ. ಆದರೆ ಕೊಳ್ಳುವವರು ಸಾಲುಗಟ್ಟಿರುವ ಊರಿನಲ್ಲಿ ಅದು ಕೆಲವೇ ತಿಂಗಳಲ್ಲಿ ಬೆಲೆಗೆ ಸೇರಿಹೋಗುತ್ತದೆ. ಕೊಳ್ಳುವವರೇ ಇಲ್ಲದ ಊರಿನಲ್ಲಿ ಬಡ್ಡಿ ಎಷ್ಟು ಇಳಿದರೂ ಬೆಲೆ ಅಲುಗಾಡುವುದಿಲ್ಲ.

ಇನ್ನು ನಮ್ಮ ಜಿಲ್ಲೆ. ಹಾಸನ ನಗರದಲ್ಲಿ ಬೆಲೆ ಏರಿರುವುದು ನಿಜ, ಏರಿಕೆಗೆ ಕಾರಣಗಳೂ ಕಣ್ಣಿಗೆ ಕಾಣುತ್ತವೆ. ನಗರಸಭೆಯಾಗಿದ್ದದ್ದು ಮಹಾನಗರ ಪಾಲಿಕೆಯಾಗಿ, ಸುತ್ತಲಿನ ಗ್ರಾಮಗಳು ನಗರದೊಳಕ್ಕೆ ಬಂದಿವೆ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ನೇರ ರೈಲು ಮಾರ್ಗ ತೆರೆಯಿತು, ಬೆಂಗಳೂರು–ಮಂಗಳೂರು ಹೆದ್ದಾರಿ ಹಾಸನದವರೆಗೆ ಚತುಷ್ಪಥವಾಗಿ ಬಹಳ ಕಾಲವಾಯಿತು. ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು, ಕೈಗಾರಿಕಾ ಪ್ರದೇಶ ಇವೆಲ್ಲ ಬಾಡಿಗೆದಾರರನ್ನು ತಂದುಕೊಡುತ್ತವೆ. ಇಷ್ಟಾದರೂ ನಗರದ ಒಂದು ದಿಕ್ಕಿಗೂ ಇನ್ನೊಂದು ದಿಕ್ಕಿಗೂ ಹೋಲಿಕೆಯಿಲ್ಲ. ಸಾಲಗಾಮೆ ರಸ್ತೆಯ ಬಡಾವಣೆಗಳಲ್ಲಿ, ವಿದ್ಯಾನಗರದಲ್ಲಿ ಕೊಡುವವರು ವಿರಳ, ಕೇಳುವವರು ಹೆಚ್ಚು. ಬೂವನಹಳ್ಳಿಯ ಸುತ್ತ ವಿಮಾನ ನಿಲ್ದಾಣದ ಹೆಸರಿನಲ್ಲಿ ವರ್ಷಗಳ ಹಿಂದೆಯೇ ಸೈಟು ಕೊಂಡವರಿದ್ದಾರೆ. ಅವರು ಕೊಂಡದ್ದು ನೆಲಕ್ಕಿಂತ ಹೆಚ್ಚಾಗಿ ನಿರೀಕ್ಷೆಯನ್ನು, ಹಾಗಾಗಿ ಕಾಮಗಾರಿ ಚುರುಕಾದಾಗ ಬೆಲೆ ಚುರುಕಾಗುತ್ತದೆ, ನಿಧಾನವಾದಾಗ ವಿಚಾರಿಸುವವರೂ ನಿಲ್ಲುತ್ತಾರೆ. ಹಳೆಯ ಪೇಟೆಯೊಳಗಿನ ಕಿರಿದಾದ ರಸ್ತೆಗಳಲ್ಲಿ, ಕಾರು ಒಳಗೆ ಬಾರದ ಕಡೆ, ಚೆನ್ನಾಗಿ ಕಟ್ಟಿದ ಹೆಂಚಿನ ಮನೆಗೂ ಬರೀ ನೆಲದ ಬೆಲೆ ಕೇಳುತ್ತಾರೆ. ಕೆಡವುವ ಖರ್ಚನ್ನೂ ಅದರಲ್ಲಿ ಕಳೆದುಕೊಡಿ ಎನ್ನುವವರಿದ್ದಾರೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳುವುದು ಅಗತ್ಯ. ಮನೆಯ ಬೆಲೆ ಏರಿತು ಎನ್ನುವಾಗ ಏರುವುದು ನೆಲದ ಬೆಲೆ. ಗೋಡೆ, ತಾರಸಿ, ಕಿಟಕಿ, ನಲ್ಲಿ ಇವೆಲ್ಲ ಕಟ್ಟಿದ ದಿನದಿಂದಲೇ ಸವೆಯುತ್ತವೆ, ಮೌಲ್ಯಮಾಪಕರು ವರ್ಷವರ್ಷಕ್ಕೂ ಅದರ ಸವಕಳಿಯನ್ನು ಕಳೆಯುತ್ತಾರೆ. ಇಂದು ಸಾಧಾರಣ ಮನೆ ಕಟ್ಟಿಸಲೂ ಚದರಕ್ಕೆ ಎರಡು ಲಕ್ಷ ರೂಪಾಯಿ ಮೀರುತ್ತದೆ. ಹನ್ನೆರಡು ಚದರದ ಮನೆಗೆ ಇಪ್ಪತ್ತೈದು ಲಕ್ಷ ಸುರಿದವರು ಹತ್ತು ವರ್ಷದ ನಂತರ ಆ ಇಪ್ಪತ್ತೈದು ಲಕ್ಷವನ್ನು ವಾಪಸು ಪಡೆಯಬೇಕಾದರೆ ಅಡಿಯ ನೆಲ ಅಷ್ಟರಮಟ್ಟಿಗೆ ಏರಿರಬೇಕು. ವಿದ್ಯಾನಗರದಲ್ಲಿ ಅದು ಆಗುತ್ತದೆ. ತಾಲ್ಲೂಕು ಕೇಂದ್ರದಿಂದ ಹತ್ತು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ, ನಿವೃತ್ತಿಯ ಹಣವನ್ನೆಲ್ಲ ಹಾಕಿ ಕಟ್ಟಿಸಿದ ಎರಡಂತಸ್ತಿನ ಮನೆಗೆ, ಹಾಕಿದ ದುಡ್ಡಿನ ಅರ್ಧವನ್ನೂ ಕೊಡುವವರು ಸಿಗುವುದಿಲ್ಲ. ಇಂಥ ಮನೆಗಳ ಮೇಲೆ ಮಕ್ಕಳ ಓದಿಗೋ ಆಸ್ಪತ್ರೆಯ ಖರ್ಚಿಗೋ ಸಾಲ ಕೇಳಲು ಬಂದವರಿಗೆ, ಅವರ ಮನೆಗೆ ಬ್ಯಾಂಕು ಕಟ್ಟಿದ ಬೆಲೆಯನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂದಾಗಲೆಲ್ಲ ಮನಸ್ಸಿಗೆ ಕಷ್ಟವಾಗಿದೆ. ಪತ್ರಿಕೆಯಲ್ಲಿ ಬಂದ ಏರಿಕೆಯ ಸುದ್ದಿಯನ್ನು ನಂಬಿಯೇ ಅವರು ಬಂದಿರುತ್ತಿದ್ದರು.

ಮಲೆನಾಡಿನ ಕಡೆಗೆ ಹೋದರೆ ಚಿತ್ರ ಇನ್ನೂ ಬೇರೆಯಾಗುತ್ತದೆ. ಸಕಲೇಶಪುರ ತಾಲ್ಲೂಕಿನಲ್ಲಿ ಎರಡು ಮಾರುಕಟ್ಟೆಗಳಿವೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಮೊದಲನೆಯದು ಹೊರಗಿನವರದು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ, ಬೆಂಗಳೂರಿನ ಹಣ ನೇರವಾಗಿ ತೋಟಗಳಿಗೆ ಹರಿಯಿತು. ಅದಕ್ಕೆ ಹೋಂಸ್ಟೇ ವ್ಯವಹಾರ ಸೇರಿತು, ಈಚಿನ ವರ್ಷಗಳಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದದ್ದೂ ಸೇರಿತು. ನೋಟ ಚೆನ್ನಾಗಿರುವ, ರಸ್ತೆ ಹತ್ತಿರವಿರುವ ಎರಡೆಕರೆ ತೋಟಕ್ಕೆ ಇಂದು ಹೇಳುವ ಬೆಲೆಯನ್ನು ಅಲ್ಲಿಯೇ ಹುಟ್ಟಿ ಬೆಳೆದ ಬೆಳೆಗಾರ ತೋಟದ ಆದಾಯದಿಂದ ಒಂದು ಜನ್ಮದಲ್ಲಿ ಹುಟ್ಟಿಸಲಾರ. ಚಿಕ್ಕಮಗಳೂರಿನ ಕೈಮರ, ಮಲ್ಲಂದೂರು ರಸ್ತೆಯ ಕಡೆಗೂ ಇದೇ ಕತೆ.

ಎರಡನೆಯ ಮಾರುಕಟ್ಟೆ ಊರೊಳಗಿನ ಮನೆಗಳದು. ಅಲ್ಲಿ ಬೆಲೆ ಬಿದ್ದಿದೆ. ನನಗೆ ಪರಿಚಿತವಾದ ಕುಟುಂಬವೊಂದರ ತೊಟ್ಟಿಮನೆ ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿತ್ತು. ಹಲಸಿನ ಕಂಬಗಳು, ಕೆತ್ತನೆಯ ಬಾಗಿಲುವಾಡ, ಇಡೀ ಮದುವೆ ಮನೆಯ ಜನ ಮಲಗಬಹುದಾದ ಪಡಸಾಲೆ. ಮಕ್ಕಳು ಬೆಂಗಳೂರು ಸೇರಿದ್ದರು, ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ ಉಳಿದಿದ್ದರು, ಸಂಜೆಯಾದರೆ ಆನೆ ಅಂಗಳದ ಅಂಚಿಗೆ ಬರುತ್ತಿತ್ತು. ಮನೆಯನ್ನು ಮನೆಯೆಂದು ಕೊಳ್ಳಲು ಯಾರೂ ಬರಲಿಲ್ಲ. ಕೊನೆಗೆ ಬಂದವರು ಹಳೆಯ ಮರಮುಟ್ಟು ಕೊಳ್ಳುವ ವ್ಯಾಪಾರಿ. ಅವರು ಟೇಪು ಹಿಡಿದು ಕಂಬದ ಸುತ್ತಳತೆ ತೆಗೆದರು, ತೊಲೆಗಳನ್ನು ಬೆರಳಿನಿಂದ ತಟ್ಟಿ ಗೆದ್ದಲು ಹಿಡಿದಿದೆಯೇ ನೋಡಿದರು, ‘ಅಮ್ಮಾ, ಮನೆಗೆ ನಾನು ಬೆಲೆ ಹೇಳೋಕಾಗಲ್ಲ, ಮರಕ್ಕೆ ಹೇಳ್ತೀನಿ’ ಎಂದು ನಯವಾಗಿಯೇ ಹೇಳಿದರು. ಆ ಕಂಬಗಳು ಈಗ ಬೇರೆ ಯಾವುದೋ ರೆಸಾರ್ಟಿನ ಊಟದ ಕೋಣೆಯಲ್ಲಿ ನಿಂತಿರಬಹುದು. ತಾಯಿ ಮಗಳ ಮನೆಗೆ ಹೋದರು. ನೋಂದಣಿ ಇಲಾಖೆಯ ಯಾವ ಪುಸ್ತಕದಲ್ಲೂ ಈ ಮನೆಯ ಬೆಲೆ ಇಳಿಯಿತೆಂದು ದಾಖಲಾಗಿಲ್ಲ, ಏಕೆಂದರೆ ನೋಂದಣಿಯೇ ಆಗಲಿಲ್ಲ.

ಒಂದೇ ತಾಲ್ಲೂಕಿನಲ್ಲಿ ಎಕರೆಗೆ ಬೆಲೆ ಏರಿ, ಊರಮನೆಗೆ ಬೆಲೆ ಇಳಿಯುವುದಕ್ಕೆ ಕಾರಣ ಸ್ಪಷ್ಟ. ಮೊದಲನೆಯದನ್ನು ಕೊಳ್ಳುವವನು ಅಲ್ಲಿ ಬದುಕುವವನಲ್ಲ. ಎರಡನೆಯದನ್ನು ಕೊಳ್ಳಬೇಕಾದವನು ಅಲ್ಲಿ ಬದುಕಬೇಕು. ಆನೆ ಹಾವಳಿ, ದೂರವಾದ ಆಸ್ಪತ್ರೆ, ಮಕ್ಕಳಿಲ್ಲದೆ ಮುಚ್ಚುತ್ತಿರುವ ಶಾಲೆಗಳು, ಮಳೆಗಾಲದಲ್ಲಿ ಕುಸಿಯುವ ಘಾಟಿಯ ರಸ್ತೆ, 2014ರಿಂದ ಮತ್ತೆ ಮತ್ತೆ ಹೊರಬಿದ್ದು 2024ರ ಜುಲೈನಲ್ಲಿ ಆರನೆಯ ಬಾರಿ ಪ್ರಕಟವಾದ ಪಶ್ಚಿಮ ಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹುಟ್ಟಿಸಿರುವ ಅನಿಶ್ಚಿತತೆ, ಇವೆಲ್ಲ ಎರಡನೆಯವನನ್ನು ತಡೆಯುತ್ತವೆ. ಮೊದಲನೆಯವನು ವಾರಾಂತ್ಯಕ್ಕೆ ಬಂದು ಹೋಗುತ್ತಾನೆ.

ಬೇಲೂರು, ಹಳೇಬೀಡುಗಳ ವಿಷಯ ಮತ್ತೊಂದು ಬಗೆಯದು. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಇನ್ನು ಬೇಲೂರಿನಲ್ಲಿ ನೆಲಕ್ಕೆ ಚಿನ್ನದ ಬೆಲೆ ಎಂದವರು ಬಹಳ ಜನ. ಹೆದ್ದಾರಿ ಬದಿಯ, ವಸತಿಗೃಹ ಕಟ್ಟಬಹುದಾದ ಜಾಗಕ್ಕೆ ಅದು ಸ್ವಲ್ಪಮಟ್ಟಿಗೆ ನಿಜವಾಗಿರಬಹುದು. ದೇವಾಲಯದ ಪಕ್ಕದಲ್ಲೇ ತಲೆಮಾರುಗಳಿಂದ ವಾಸವಿರುವವರ ಮನೆಗೆ ಅದು ಅನ್ವಯಿಸುವುದಿಲ್ಲ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಕಟ್ಟಲಾಗದ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಸಾಲ ಸಿಗದ ಜಾಗಕ್ಕೆ ಗಿರಾಕಿ ಬರುವುದಿಲ್ಲ. ಸ್ಮಾರಕ ಉಳಿಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ; ಆದರೆ ಅದರ ಭಾರವನ್ನು ಯಾರ ಮನೆ ಹೊತ್ತಿದೆ ಎಂಬುದು ಲೆಕ್ಕಕ್ಕೆ ಬರಬೇಕು. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರಗಳಲ್ಲಿ ಹೆದ್ದಾರಿ, ರೈಲು ನಿಲ್ದಾಣಗಳಿಗೆ ಹತ್ತಿರವಾದದ್ದು ಏರಿದೆ, ಉಳಿದದ್ದು ಹಾಗೆಯೇ ಇದೆ ಎಂದಷ್ಟೇ ಹೇಳಬಲ್ಲೆ.

ಬೆಲೆ ಇಳಿದಿರುವ ಕಡೆ ಇಳಿದದ್ದು ಏಕೆ ಯಾರ ಗಮನಕ್ಕೂ ಬರುವುದಿಲ್ಲ ಎಂಬುದು ನನ್ನ ಪತ್ರದ ಮುಖ್ಯ ಪ್ರಶ್ನೆ. ನಮ್ಮ ಜನ ಮನೆಯನ್ನು ಕಡಿಮೆ ಬೆಲೆಗೆ ಕೊಡುವುದಿಲ್ಲ, ಮಾರುವುದನ್ನೇ ನಿಲ್ಲಿಸುತ್ತಾರೆ. ಪಕ್ಕದವರು ಮೂರು ವರ್ಷದ ಹಿಂದೆ ನಲವತ್ತು ಲಕ್ಷಕ್ಕೆ ಕೊಟ್ಟರೆಂದರೆ ತಾವು ಮೂವತ್ತೈದಕ್ಕೆ ಕೊಡುವುದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಹೀಗಾಗಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಮಳೆ ಬಿಸಿಲಿಗೆ ಬಣ್ಣ ಕಳೆದುಕೊಂಡರೂ ಹೇಳುವ ಬೆಲೆ ಹಾಗೆಯೇ ಇರುತ್ತದೆ. ಹೇಳುವ ಬೆಲೆ ಇದ್ದಷ್ಟು ದಿನ ಊರಿನಲ್ಲಿ ಬೆಲೆ ಇಳಿದಿಲ್ಲ ಎಂದೇ ಎಲ್ಲರೂ ನಂಬುತ್ತಾರೆ. ಬೆಲೆ ಇಳಿಯುವ ಮೊದಲು ಇಳಿಯುವುದು ಕ್ರಯಪತ್ರಗಳ ಸಂಖ್ಯೆ. ಆ ಸಂಖ್ಯೆಯನ್ನು ನೋಡದವರು ಇಳಿಕೆಯನ್ನು ಕಾಣಲಾರರು.

ನಿಧಾನವಾಗಿ ಏರಿದ ಬೆಲೆಯೂ ಇಳಿದ ಬೆಲೆಯೇ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. 2015ರಲ್ಲಿ 10 ಲಕ್ಷ ರೂಪಾಯಿಗೆ ಕೊಂಡ ಸೈಟನ್ನು 2025ರಲ್ಲಿ 15 ಲಕ್ಷಕ್ಕೆ ಮಾರಿದವರು ಐದು ಲಕ್ಷ ಲಾಭ ಬಂತೆಂದು ಸಂತೋಷಪಡುತ್ತಾರೆ. ಅದೇ 10 ಲಕ್ಷವನ್ನು ವರ್ಷಕ್ಕೆ ಶೇ 7ರ ಚಕ್ರಬಡ್ಡಿಯಲ್ಲಿ ಠೇವಣಿ ಇಟ್ಟಿದ್ದರೆ ಅದು ಹತ್ತು ವರ್ಷಕ್ಕೆ 19 ಲಕ್ಷದ 67 ಸಾವಿರದಷ್ಟಾಗುತ್ತಿತ್ತು. ಸೈಟಿಗೆ ಕಟ್ಟಿದ ಕಂದಾಯ, ಬೇಲಿ, ಗಿಡಗಂಟಿ ಕಡಿಸಿದ ಕೂಲಿ, ಕೊಳ್ಳುವಾಗ ಕೊಟ್ಟ ಮುದ್ರಾಂಕ ಶುಲ್ಕ ಎಲ್ಲವನ್ನೂ ಕಳೆದರೆ, ಠೇವಣಿಗೆ ಹೋಲಿಸಿದಾಗ ಉಳಿಯುವುದು ನಷ್ಟ. ಕರಾರಿನ ಕಾಗದದಲ್ಲಿ ಮಾತ್ರ ಅದು ಏರಿಕೆಯೆಂದು ಕಾಣುತ್ತದೆ.

ಮನೆಯೊಂದಕ್ಕೆ ಎಷ್ಟು ಬೆಲೆಗಳಿರುತ್ತವೆ ಎಂಬುದನ್ನು ಬ್ಯಾಂಕಿನ ಮೌಲ್ಯಮಾಪನ ವರದಿಯನ್ನು ನೋಡಿದವರು ಬಲ್ಲರು. ಅದರ ಕೊನೆಯ ಪುಟದಲ್ಲಿ ಸರ್ಕಾರದ ಮಾರ್ಗಸೂಚಿ ಮೌಲ್ಯ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ), ಮಾರುಕಟ್ಟೆ ಮೌಲ್ಯ, ವಸೂಲಾಗಬಹುದಾದ ಮೌಲ್ಯ, ತುರ್ತಾಗಿ ಮಾರಬೇಕಾದರೆ ಸಿಗುವ ಮೌಲ್ಯ ಎಂದು ಒಂದರ ಕೆಳಗೊಂದು ನಾಲ್ಕು ಅಂಕಿಗಳಿರುತ್ತವೆ. ನಗರದ ಒಳ್ಳೆಯ ಬಡಾವಣೆಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಅಂಕಿಗಳ ನಡುವೆ ಅಂತರ ಕಡಿಮೆ, ಏಕೆಂದರೆ ಅಲ್ಲಿ ತುರ್ತಿನಲ್ಲೂ ಗಿರಾಕಿ ಸಿಗುತ್ತಾನೆ. ಊರಿನಿಂದ ದೂರ ಸರಿದಷ್ಟೂ ಆ ಅಂತರ ಹಿಗ್ಗುತ್ತದೆ. ಒಂದು ಪ್ರದೇಶದಲ್ಲಿ ಮನೆ ಬೆಲೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ನಾನು ಮೊದಲು ನೋಡುತ್ತಿದ್ದದ್ದು ಈ ಅಂತರವನ್ನು. ದಲ್ಲಾಳಿ ಹೇಳುವ ಬೆಲೆಯನ್ನಲ್ಲ.

ದಾಖಲೆಯೂ ಅಷ್ಟೇ ಮುಖ್ಯ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅಕ್ಕಪಕ್ಕದ ಎರಡು ಸೈಟುಗಳಲ್ಲಿ ಒಂದಕ್ಕೆ ನಮೂನೆ 9 ಮತ್ತು 11ಎ (ಅಧಿಕೃತ ಸೈಟಿಗೆ ಪಂಚಾಯಿತಿ ಕೊಡುವ ಖಾತೆ ಪತ್ರಗಳು) ಇದ್ದು ಇನ್ನೊಂದಕ್ಕೆ 11ಬಿ (ಅಧಿಕೃತವಲ್ಲದ ಸೈಟಿನ ಪತ್ರ) ಮಾತ್ರ ಇದ್ದರೆ, ಮಣ್ಣು ಒಂದೇ, ರಸ್ತೆ ಒಂದೇ, ಬೆಲೆ ಮಾತ್ರ ಬೇರೆ. ನೋಂದಣಿಗೆ ಇ–ಖಾತೆ ಕಡ್ಡಾಯವಾದ ಮೇಲೆ ಭೂಪರಿವರ್ತನೆಯಾಗದ, ಬಡಾವಣೆ ನಕ್ಷೆಗೆ ಅನುಮೋದನೆ ಇಲ್ಲದ ರೆವಿನ್ಯೂ ಸೈಟುಗಳನ್ನು ಕೊಂಡ ಹಲವರು ಮಾರಲೂ ಆಗದೆ, ಕಟ್ಟಲು ಸಾಲವೂ ಸಿಗದೆ ಕುಳಿತಿದ್ದಾರೆ. ಹಾಸನದ ಹೊರವಲಯದಲ್ಲಿ ಬೆಲೆ ಏರಿದೆ ಎಂಬ ಮಾತನ್ನು ಅವರ ಮುಂದೆ ಆಡಲಾಗದು. ಕೂಲಿನಾಲಿ ಮಾಡಿ, ಚೀಟಿ ಹಾಕಿ, ಅಗ್ಗವೆಂದು ಅಂಥ ಸೈಟು ಕೊಂಡವರೇ ಅವರಲ್ಲಿ ಹೆಚ್ಚು.

ಈಗ ಮಾರ್ಗಸೂಚಿ ದರದ ಮಾತು. ಉಪನೋಂದಣಿ ಕಚೇರಿಯಲ್ಲಿ ಬರೆಸುವ ಬೆಲೆ ಸಾಮಾನ್ಯವಾಗಿ ಮಾರ್ಗಸೂಚಿ ದರದ ಆಸುಪಾಸಿನದೇ. ಅದಕ್ಕಿಂತ ಹೆಚ್ಚು ಕೊಟ್ಟದ್ದು ನಗದಾಗಿ ಕೈ ಬದಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಹೀಗಾಗಿ ಬೆಲೆ ಏರಿದ ಕಡೆ ದಾಖಲೆ ಅದನ್ನು ಮುಚ್ಚುತ್ತದೆ. ಬೆಲೆ ಇಳಿದ ಕಡೆಯೂ ದಾಖಲೆ ಅದನ್ನು ಮುಚ್ಚುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಮಾರ್ಗಸೂಚಿ ದರ ಪರಿಷ್ಕರಣೆಯಾದಾಗ ಕ್ರಯಪತ್ರಗಳಲ್ಲಿನ ಬೆಲೆಗಳು ಬಹುಪಾಲು ಒಂದೇ ದಿನಕ್ಕೆ ಮೇಲೇರಿದವು. ಹಿಂದಿನ ದಿನಕ್ಕೂ ಆ ದಿನಕ್ಕೂ ಮಾರುಕಟ್ಟೆಯಲ್ಲಿ ಬದಲಾದದ್ದು ಏನೂ ಇರಲಿಲ್ಲ. ನೋಂದಣಿ ದಾಖಲೆಗಳನ್ನು ಆಧರಿಸಿ ಬೆಲೆ ಏರಿತೆಂದು ಹೇಳುವ ಯಾವ ಲೆಕ್ಕವನ್ನೂ ಈ ಸಂಗತಿಯ ಜೊತೆಗಿಟ್ಟು ಓದಬೇಕು.

ಮಾರುಕಟ್ಟೆ ಬೆಲೆ ಮಾರ್ಗಸೂಚಿ ದರಕ್ಕಿಂತ ಕೆಳಗೆ ಬಿದ್ದಿರುವ ಊರುಗಳ ಪಾಡು ಇನ್ನೂ ಕಷ್ಟದ್ದು. ಅಲ್ಲಿ ಮುದ್ರಾಂಕ ಶುಲ್ಕವನ್ನು ಕೊಟ್ಟ ಬೆಲೆಗಲ್ಲ, ಮಾರ್ಗಸೂಚಿ ಬೆಲೆಗೆ ಕಟ್ಟಬೇಕು. ವ್ಯತ್ಯಾಸ ಶೇ 10ನ್ನು ಮೀರಿದರೆ ಆದಾಯ ತೆರಿಗೆಯ ಕಾನೂನು ಮಾರಿದವರಿಗೆ ಬಾರದ ಹಣವನ್ನು ಬಂದಿದೆ ಎಂದು ಎಣಿಸುತ್ತದೆ, ಕೊಂಡವರಿಗೆ ಆ ವ್ಯತ್ಯಾಸವನ್ನು ಆದಾಯವೆಂದು ಎಣಿಸುತ್ತದೆ. ಇಬ್ಬರಿಗೂ ಹೊರೆ. ಕಡಿಮೆ ಮೌಲ್ಯವೇ ನಿಜವೆಂದು ಜಿಲ್ಲಾ ನೋಂದಣಾಧಿಕಾರಿಗಳ ಮುಂದೆ ಸಾಧಿಸಲು ಕಾನೂನಿನಲ್ಲಿ ದಾರಿ ಇದೆ; ಹಳ್ಳಿಯ ಮನೆಯೊಂದನ್ನು ಮಾರಿ ಮಗಳ ಮದುವೆ ಮಾಡಬೇಕೆಂದಿರುವವರಿಗೆ ಆ ದಾರಿ ಬಹಳ ಉದ್ದವಾಯಿತು. ಇದರ ಮೇಲೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಎಲ್ಲ ಸೇರಿದರೆ 50 ಲಕ್ಷದ ಆಸ್ತಿಗೆ ಮೊದಲು ಸುಮಾರು 3 ಲಕ್ಷ 30 ಸಾವಿರ ರೂಪಾಯಿ ಆಗುತ್ತಿದ್ದದ್ದು ಈಗ ಸುಮಾರು 3 ಲಕ್ಷ 80 ಸಾವಿರ. ಬೆಲೆ ಏರುವ ಬಡಾವಣೆಯಲ್ಲಿ ಇದನ್ನು ಕೊಳ್ಳುವವರು ಹೇಗೋ ತಡೆದುಕೊಳ್ಳುತ್ತಾರೆ. ಬೆಲೆ ನಿಂತ ಊರಿನಲ್ಲಿ ಇದು ಉಳಿದ ಒಬ್ಬ ಗಿರಾಕಿಯನ್ನೂ ಓಡಿಸುತ್ತದೆ.

ದರ ಇಳಿಸುವುದು ಆಗದ ಕೆಲಸವೇನಲ್ಲ. 2022ರ ಜನವರಿಯಿಂದ ಮಾರ್ಚ್‌ವರೆಗೆ ಮೂರು ತಿಂಗಳ ಮಟ್ಟಿಗೆ ರಾಜ್ಯ ಸರ್ಕಾರವೇ ಮಾರ್ಗಸೂಚಿ ದರದಲ್ಲಿ ಶೇ 10ರ ರಿಯಾಯಿತಿ ಕೊಟ್ಟಿತ್ತು. ಆದರೆ ಅದು ಬೆಂಗಳೂರಿಗೂ ಆಲೂರಿಗೂ ಒಂದೇ ಸಮನಾಗಿ ಕೊಟ್ಟ ರಿಯಾಯಿತಿ. ಬೇಕಾದದ್ದು ಹೋಬಳಿ ಹೋಬಳಿಯನ್ನು ನೋಡಿ, ಏರಿದ ಕಡೆ ಏರಿಸಿ, ಇಳಿದ ಕಡೆ ಇಳಿಸುವ ಧೈರ್ಯ. ಪರಿಷ್ಕರಣೆಯೆಂದರೆ ಏರಿಕೆಯೆಂದೇ ಅಧಿಕಾರಿಗಳೂ ಜನರೂ ಒಪ್ಪಿಕೊಂಡುಬಿಟ್ಟಿರುವುದು ನನಗೆ ಬೇಸರ ತರುತ್ತದೆ.

ಹೊರದೇಶಗಳ ಎರಡು ಮಾತು ಹೇಳಿದರೆ ತಪ್ಪಾಗಲಾರದು. ಜಪಾನಿನಲ್ಲಿ 2023ರ ಸರ್ಕಾರಿ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಕಂಡುಬಂದವು. ಅದೇ ಹೊತ್ತಿಗೆ ಟೋಕಿಯೊದ ಫ್ಲ್ಯಾಟುಗಳ ಬೆಲೆ ಏರುತ್ತಿತ್ತು. ಮಕ್ಕಳು ಪೇಟೆ ಸೇರಿ ಹಳ್ಳಿಯ ಮನೆ ಬೀಗ ಹಾಕಿಕೊಂಡದ್ದನ್ನು ಅವರು ಎಣಿಸಿದ್ದಾರೆ, ಎಣಿಸಿದ್ದರಿಂದಲೇ ಏನು ಮಾಡಬೇಕೆಂದು ಚರ್ಚಿಸುತ್ತಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದ ಈಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು ಅಲ್ಲಿನ ಭೂ ನೋಂದಣಿ ಇಲಾಖೆ ಬೀದಿಯ ಹೆಸರಿನ ಸಮೇತ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟಿದೆ. ಅಲ್ಲಿ ಮನೆ ಕೊಳ್ಳುವವನು ದಲ್ಲಾಳಿಯ ಮಾತನ್ನು ಒಪ್ಪುವ ಮೊದಲು ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದು ತಾನೇ ನೋಡಬಲ್ಲ.

ನಮ್ಮಲ್ಲಿ ತಂತ್ರಜ್ಞಾನದ ಕೊರತೆಯಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ರಾಜ್ಯದ ಪ್ರತಿಯೊಂದು ಕ್ರಯಪತ್ರವೂ ದಿನಾಂಕ, ಗ್ರಾಮ, ವಿಸ್ತೀರ್ಣ, ಮೊತ್ತದ ಸಮೇತ ದಾಖಲಾಗುತ್ತಿದೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆ ಮೂರು ತಿಂಗಳಿಗೊಮ್ಮೆ ಪ್ರತಿ ಹೋಬಳಿಯಲ್ಲಿ, ಪಾಲಿಕೆಯ ಪ್ರತಿ ವಾರ್ಡಿನಲ್ಲಿ ಎಷ್ಟು ಮನೆಗಳು, ಎಷ್ಟು ನಿವೇಶನಗಳು ಕೈಬದಲಾದವು, ಚದರಡಿಗೆ ನಡುವಿನ ಬೆಲೆ (ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ ಬೆಲೆಗಳ ಸಾಲಿನ ಮಧ್ಯದ್ದು) ಎಷ್ಟಿತ್ತು ಎಂಬುದನ್ನು ಯಾರ ಹೆಸರನ್ನೂ ಹೇಳದೆ ಪ್ರಕಟಿಸಬಹುದು. ಬರೆದ ಬೆಲೆ ಪೂರ್ತಿ ನಿಜವಲ್ಲದಿದ್ದರೂ ಮಾರಾಟಗಳ ಸಂಖ್ಯೆ ನಿಜ, ಮತ್ತು ಮೊದಲೇ ಹೇಳಿದಂತೆ ಇಳಿಕೆ ಮೊದಲು ಕಾಣುವುದು ಸಂಖ್ಯೆಯಲ್ಲಿ. ಮಾರ್ಗಸೂಚಿ ದರ ಪರಿಷ್ಕರಿಸುವ ಉಪಸಮಿತಿಗಳು ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕೇಳುವಾಗ ಈ ಸಂಖ್ಯೆಗಳನ್ನೂ ಜೊತೆಗಿಟ್ಟರೆ, ಬೆಲೆ ಬಿದ್ದ ಊರಿನವರಿಗೆ ದರ ಇಳಿಸಿ ಎಂದು ಕೇಳಲು ಕೈಯಲ್ಲಿ ಆಧಾರವಿರುತ್ತದೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿಯೇ ಸುಮಾರು 1.1 ಕೋಟಿ ಮನೆಗಳು ಖಾಲಿ ಎಂದು ಕಂಡುಬಂದಿತ್ತು. 2027ರ ಜನಗಣತಿಯ ಮನೆಪಟ್ಟಿಯಿಂದ ಸಿಗುವ ಖಾಲಿ ಮನೆಗಳ ಅಂಕಿಯನ್ನು ಜಿಲ್ಲಾಡಳಿತ ಗ್ರಾಮವಾರು ಬಿಡಿಸಿ ಹೇಳಬೇಕು. ಮಲೆನಾಡಿನ ಎಷ್ಟು ತೊಟ್ಟಿಮನೆಗಳಿಗೆ ಬೀಗ ಬಿದ್ದಿದೆ ಎಂದು ತಿಳಿಯಲು ನಮಗೆ ಬೇರೆ ದಾರಿಯಿಲ್ಲ.

ತಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ. ಅಡಿಕೆ, ಕೊಬ್ಬರಿ, ಕಾಫಿಯ ಧಾರಣೆಯನ್ನು ಮಾರುಕಟ್ಟೆವಾರು ಬಿಡಿಸಿ ಪ್ರಕಟಿಸುವ ಸಂಪ್ರದಾಯ ಕನ್ನಡ ಪತ್ರಿಕೆಗಳಲ್ಲಿ ಹಳೆಯದು. ಅರಸೀಕೆರೆಯ ಕೊಬ್ಬರಿಗೆ ತಿಪಟೂರಿನ ಬೆಲೆ ಹಾಕಿದರೆ ರೈತರು ಮರುದಿನವೇ ಫೋನು ಮಾಡಿ ಕೇಳುತ್ತಾರೆ. ಮನೆ ಬೆಲೆಯ ಸುದ್ದಿಗೂ ಅದೇ ಎಚ್ಚರ ಬೇಕು. ಸೂಚ್ಯಂಕದ ವರದಿ ಬಂದಾಗ ಅದು ಯಾವ ನಗರಗಳ ಲೆಕ್ಕ, ಫ್ಲ್ಯಾಟಿನದೋ ನಿವೇಶನದ್ದೋ, ಕೇಳಿದ ಬೆಲೆಯೋ ಕೊಟ್ಟ ಬೆಲೆಯೋ ಎಂಬುದನ್ನು ಶೀರ್ಷಿಕೆಯ ಕೆಳಗೆ ಒಂದು ಸಾಲಿನಲ್ಲಿ ಹೇಳಬೇಕು. ಜಿಲ್ಲಾ ಪುಟದಲ್ಲಿ ತಿಂಗಳಿಗೊಮ್ಮೆ ಹಾಸನ, ಸಕಲೇಶಪುರ, ಬೇಲೂರು, ಅರಸೀಕೆರೆ ಉಪನೋಂದಣಿ ಕಚೇರಿಗಳಲ್ಲಿ ನೋಂದಣಿಯಾದ ಕ್ರಯಪತ್ರಗಳ ಸಂಖ್ಯೆಯನ್ನು, ಹಿಂದಿನ ವರ್ಷದ ಅದೇ ತಿಂಗಳ ಸಂಖ್ಯೆಯ ಜೊತೆಗೆ ಅಚ್ಚು ಹಾಕಿದರೂ ಸಾಕು. ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಈ ಅಂಕಿಗಳನ್ನು ಕೇಳಿ ಪಡೆಯಲು ಅವಕಾಶವಿದೆ. ತಮ್ಮ ಜಿಲ್ಲಾ ವರದಿಗಾರರು ಆ ಕೆಲಸ ಆರಂಭಿಸುವುದಾದರೆ ಅರ್ಜಿ ಬರೆಯುವುದರಿಂದ ಹಿಡಿದು ಬಂದ ಅಂಕಿಗಳನ್ನು ಜೋಡಿಸಿಕೊಡುವವರೆಗೆ ನನ್ನ ಕೈಲಾದ ನೆರವನ್ನು ಸಂತೋಷದಿಂದ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಹಾಸನ